ಚಹಾದ ಸೀಮೆಯಲ್ಲಿ ಕಾಫಿಯ ಪಂಚಾಯಿತಿ

ರಾಯಚೂರಿನಲ್ಲಿ ಕಾಫಿಯ ಬಗ್ಗೆ ಜಗಳವಾಡುವವರು ಕಡಿಮೆ. ಇಲ್ಲಿ ಮನೆಗೆ ಬಂದವರನ್ನು ‘ಚಾ ಕುಡೀತೀರೇನ್ರಿ’ ಎಂದು ಕೇಳುತ್ತಾರೆ. ಹಳೆ ಮೈಸೂರು ಕಡೆಯವರ ‘ಕಾಫಿ ಆಯ್ತಾ’ ನಮ್ಮ ಕಿವಿಗೆ ಸಿನಿಮಾದ ಮಾತು. ಆದರೂ ಎರಡು ವರ್ಷಗಳಿಂದ ನಾವು ಐದು ಜನ ತಿಂಗಳಿಗೊಮ್ಮೆ ಸೇರಿ, ಯಾವ ಬೀಜ ಒಳ್ಳೆಯದು, ಎಷ್ಟು ಹುರಿಯಬೇಕು, ಹೇಗೆ ಇಳಿಸಬೇಕು ಎಂದು ಪಂಚಾಯಿತಿ ಮಾಡುತ್ತೇವೆ. ಒಬ್ಬರು ಶಕ್ತಿನಗರದ ವಿದ್ಯುತ್ ಸ್ಥಾವರದಲ್ಲಿ ಎಂಜಿನಿಯರ್, ಇಬ್ಬರು ಅಧ್ಯಾಪಕರು, ಒಬ್ಬಳು ಬೆಂಗಳೂರಿನ ಕೆಲಸವನ್ನು ಮನೆಯಲ್ಲೇ ಕೂತು ಮಾಡುವ ಗೆಳತಿ. ಐದನೆಯವಳು ನಾನು. ಹೈದರಾಬಾದ್ ಸಂಸ್ಥಾನದ ಕಾಲದ ರಾಯಚೂರು ಜಿಲ್ಲೆಯ ಪೇಟೆಗಳ ಮೇಲೆ ಪಿಎಚ್.ಡಿ. ಮಾಡುತ್ತಿದ್ದೇನೆ. ಕಾಫಿಗಿಂತ ಜಗಳ ಕೇಳಲು ಹೋಗುತ್ತೇನೆ ಎಂದರೂ ಸರಿ.

ಜಗಳ ಪ್ರತಿಸಲವೂ ಒಂದೇ ಕಡೆ ಬಂದು ನಿಲ್ಲುತ್ತದೆ. ಗೆಳತಿ ಚಿಕ್ಕಮಗಳೂರಿನ ಒಂದೇ ತೋಟದ, ಹದವಾಗಿ ಹುರಿದ ಅರೇಬಿಕಾ ತರಿಸುತ್ತಾಳೆ. ಎಂಜಿನಿಯರ್ ಸಾಹೇಬರು ಬೆಂಗಳೂರಿನಿಂದ ಎಂಬತ್ತಕ್ಕೆ ಇಪ್ಪತ್ತು ಚಿಕೋರಿ ಬೆರೆಸಿದ ಪುಡಿ ತರುತ್ತಾರೆ. ‘ಚಿಕೋರಿ ಬೆರೆತರೆ ಅದು ಕಾಫಿಯೇ ಅಲ್ಲ’ ಎಂದು ಅವಳು, ‘ನಿಮ್ಮದು ಹುಣಸೆಹಣ್ಣಿನ ನೀರು ಕುಡಿದಂಗ ಅದ’ ಎಂದು ಇವರು. ನಾಲಿಗೆಯ ಈ ತಕರಾರಿಗೆ ನನ್ನಲ್ಲಿ ತೀರ್ಪಿಲ್ಲ. ನನಗೆ ಕಿರಿಕಿರಿಯಾಗುವುದು ಅವಳು ಆಗಾಗ ಬಳಸುವ ‘ನಿಜವಾದ ಕಾಫಿ’ ಎಂಬ ಮಾತು. ಆ ಮಾತನ್ನು ಒಪ್ಪಿಕೊಂಡರೆ ಮಾನ್ವಿಯ ಹೋಟೆಲಿನಲ್ಲಿ, ದೇವದುರ್ಗದ ಬಸ್ ಸ್ಟ್ಯಾಂಡಿನಲ್ಲಿ ಕಾಫಿ ಕುಡಿಯುತ್ತಾ ಬಂದವರೆಲ್ಲ ಇಷ್ಟು ವರ್ಷ ಏನು ಕುಡಿದರು? ಅವರಿಗೆ ರುಚಿ ಗೊತ್ತಿರಲಿಲ್ಲವೆ? ರುಚಿ ಗೊತ್ತಿದ್ದವರು, ಗೊತ್ತಿಲ್ಲದವರು ಎಂಬ ವಿಂಗಡಣೆ ನಮ್ಮ ದೇಶದಲ್ಲಿ ಬರೀ ರುಚಿಯ ವಿಂಗಡಣೆಯಾಗಿ ಉಳಿದದ್ದು ಕಡಿಮೆ.

ಹಾಗಾಗಿ ಬೀಜದಿಂದಲೇ ಶುರುಮಾಡೋಣ. ಬಾಬಾ ಬುಡನ್ ಯೆಮೆನ್ನಿನ ಮೋಖಾ ಬಂದರಿನಿಂದ ಏಳು ಕಾಳು ತಂದು ಚಂದ್ರದ್ರೋಣ ಪರ್ವತದಲ್ಲಿ ನೆಟ್ಟರೆಂಬ ಐತಿಹ್ಯ ನಿಮಗೆ ಗೊತ್ತೇ ಇದೆ. ಅದನ್ನು ಹದಿನೇಳನೇ ಶತಮಾನಕ್ಕೆ ಸೇರಿಸಿ ಹೇಳುವುದು ರೂಢಿ. ಅದಕ್ಕಿಂತ ಕಡಿಮೆ ಗೊತ್ತಿರುವುದು ಆ ಮೇಲಿನ ಕಥೆ. ಮಲೆನಾಡಿನ ಮೊದಲ ತೋಟಗಳ ಗಿಡವನ್ನು ‘ಚಿಕ್’ ಎನ್ನುತ್ತಿದ್ದರು, ಚಿಕ್ಕಮಗಳೂರಿನ ಹೆಸರಿನ ಮೊದಲ ತುಂಡು. ಹತ್ತೊಂಬತ್ತನೇ ಶತಮಾನದ ಕೊನೆಯ ದಶಕಗಳಲ್ಲಿ ಕಾಂಡಕೊರಕ ಹುಳುವೂ ಎಲೆತುಕ್ಕು ರೋಗವೂ ಅದನ್ನು ಮುಗಿಸಿದವು. ಅದೇ ತುಕ್ಕು 1869ರಿಂದಾಚೆಗೆ ಸಿಂಹಳದ ಕಾಫಿ ತೋಟಗಳನ್ನು ಹಾಳುಮಾಡಿತು, ಅಲ್ಲಿನ ತೋಟದವರು ಚಹಾ ಹಾಕಿದರು. ಸಿಂಹಳ ಇವತ್ತು ಚಹಾದ ದೇಶವೆನಿಸಿರುವುದರ ಹಿಂದೆ ಒಂದು ಶಿಲೀಂಧ್ರವಿದೆ.

ಮೈಸೂರಿನವರು ಕಾಫಿ ಬಿಡಲಿಲ್ಲ, ಗಿಡ ಬದಲಿಸಿದರು. ‘ಚಿಕ್’ ಹೋಗಿ ‘ಕೂರ್ಗ್’ ಬಂತು. ಇಪ್ಪತ್ತನೇ ಶತಮಾನದ ಮೊದಲ ದಶಕಗಳಲ್ಲಿ ಕೆಂಟ್ ಎಂಬ ತೋಟದ ದೊರೆ ತನ್ನ ತೋಟದಲ್ಲಿ ತುಕ್ಕು ತಡೆದುಕೊಂಡು ನಿಂತ ಗಿಡವೊಂದನ್ನು ಆರಿಸಿಕೊಂಡ. ಅದು ‘ಕೆಂಟ್ಸ್’ ತಳಿಯಾಯಿತು. ಮೈಸೂರು ಸರ್ಕಾರ 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿ ಪ್ರಯೋಗ ಕೇಂದ್ರ ಶುರುಮಾಡಿತು. ಅಲ್ಲಿಂದ 1940ರ ದಶಕದಲ್ಲಿ ಹೊರಬಂದ ಎಸ್. 795 ತಳಿ ಇವತ್ತಿಗೂ ನಮ್ಮ ಅರೇಬಿಕಾ ತೋಟಗಳ ಮುಖ್ಯ ತಳಿಗಳಲ್ಲೊಂದು. ನನ್ನ ಗೆಳತಿಯ ಪೊಟ್ಟಣದ ಮೇಲೆ ‘ಶುದ್ಧ ಅರೇಬಿಕಾ, ಎಸ್. 795’ ಎಂದೇ ಅಚ್ಚಾಗಿರುತ್ತದೆ. ತಮಾಷೆ ಎಂದರೆ ಈ ತಳಿಯ ವಂಶದಲ್ಲಿ ಲೈಬೀರಿಕಾ ಎಂಬ ಬೇರೆ ಜಾತಿಯ ಕಾಫಿಯ ರಕ್ತವಿದೆ. ತುಕ್ಕು ತಡೆಯುವ ಗುಣ ಬಂದದ್ದೇ ಆ ಕಡೆಯಿಂದ. ಇನ್ನೂ ಹಿಂದಕ್ಕೆ ಹೋದರೆ, ಅರೇಬಿಕಾ ಎಂಬ ಜಾತಿಯೇ ಆಫ್ರಿಕಾದ ಕಾಡಿನಲ್ಲಿ ಎರಡು ಜಾತಿಗಳು ತಾವಾಗಿ ಕೂಡಿ ಹುಟ್ಟಿದ್ದು. ಆ ಎರಡರಲ್ಲಿ ಒಂದು, ಕಾಫಿಪ್ರಿಯರು ಮೂಗು ಮುರಿಯುವ ರೋಬಸ್ಟಾ. ಇದನ್ನು ನಮ್ಮ ಕೂಟದಲ್ಲಿ ಹೇಳಿದ ದಿನ ಎಂಜಿನಿಯರ್ ಸಾಹೇಬರು ಎರಡನೇ ಲೋಟ ಕುಡಿದರು.

ರೋಬಸ್ಟಾ ಕೀಳು ಎಂಬ ಮಾತಿಗೂ ಇದೇ ಬಗೆಯ ಹಿನ್ನೆಲೆಯಿದೆ. ಅದು ನಮ್ಮಲ್ಲಿಗೆ ಬಂದದ್ದು ಇಪ್ಪತ್ತನೇ ಶತಮಾನದ ಆರಂಭದಲ್ಲಿ, ರೋಗ ತಡೆಯುವ ಗಿಡವಾಗಿ. ರುಚಿಗಾಗಿ ಯಾರೂ ಕರೆತರಲಿಲ್ಲ. ಅದರಲ್ಲಿ ಕೆಫೀನ್ ಅರೇಬಿಕಾಗಿಂತ ಹೆಚ್ಚುಕಡಿಮೆ ಇಮ್ಮಡಿ, ಕಹಿ ಜಾಸ್ತಿ, ಹುಳಿ ಕಡಿಮೆ. ಈಗ ಭಾರತದಲ್ಲಿ ಬೆಳೆಯುವ ಕಾಫಿಯಲ್ಲಿ ಸುಮಾರು ಮುಕ್ಕಾಲು ಪಾಲು ರೋಬಸ್ಟಾ. ದೇಶದ ಒಟ್ಟು ಬೆಳೆಯಲ್ಲಿ ಕರ್ನಾಟಕದ ಪಾಲು ನೂರಕ್ಕೆ ಎಪ್ಪತ್ತರಷ್ಟು. ಅಂದರೆ ಕನ್ನಡ ನಾಡಿನ ದೊಡ್ಡ ಬೆಳೆ ರೋಬಸ್ಟಾ, ದೊಡ್ಡ ಹೆಸರು ಅರೇಬಿಕಾದ್ದು.

ಹೆಸರಿನ ವಿಷಯ ಬಂದದ್ದಕ್ಕೆ ಇನ್ನೊಂದು. ‘ಪ್ಲಾಂಟೇಷನ್ ಎ’, ‘ಪೀಬರಿ’ ಎಂದು ಹಳೆಯ ಪುಡಿ ಅಂಗಡಿಗಳಲ್ಲಿ ಕೇಳಿ ಕೊಳ್ಳುವವರಿದ್ದಾರೆ. ಎ, ಬಿ, ಸಿ ಎಂಬುದು ರುಚಿಯ ಅಂಕವಲ್ಲ, ಜರಡಿಯ ಅಳತೆ. ದೊಡ್ಡ ಕಾಳು ಎ, ಅದಕ್ಕಿಂತ ಸಣ್ಣದು ಬಿ. ಹಣ್ಣಿನೊಳಗೆ ಎರಡರ ಬದಲು ಒಂದೇ ಕಾಳು ದುಂಡಗೆ ಬೆಳೆದರೆ ಪೀಬರಿ. ‘ಪ್ಲಾಂಟೇಷನ್’ ಎಂದರೆ ಹಣ್ಣಿನ ಸಿಪ್ಪೆ ತೆಗೆದು ನೀರಿನಲ್ಲಿ ತೊಳೆದ ಅರೇಬಿಕಾ. ಹಣ್ಣಿನ ಸಮೇತ ಕಣದಲ್ಲಿ ಒಣಗಿಸಿದ್ದು ‘ಚೆರಿ’. ವ್ಯಾಪಾರಕ್ಕೆ ಬೇಕಾದ ಈ ಅಳತೆಗಳು ಕಾಲಕ್ರಮೇಣ ಕುಡಿಯುವವರ ಬಾಯಲ್ಲಿ ಅಂತಸ್ತಿನ ಹೆಸರುಗಳಾದವು.

ಈಗ ‘ಒಂದೇ ತೋಟದ ಕಾಫಿ’ ಎಂಬ ಹೆಮ್ಮೆಗೆ ಬರುತ್ತೇನೆ. ನನ್ನ ಮಟ್ಟಿಗೆ ಇದೇ ಈ ಚರಿತ್ರೆಯ ದಪ್ಪ ಭಾಗ. ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿದಾಗ ಭಾರತದ ಕಾಫಿ ಬೆಳೆಗಾರರು ಬೀದಿಗೆ ಬರುವ ಹಾಗಾಯಿತು. ಅವರನ್ನು ಉಳಿಸಲು ಸರ್ಕಾರ 1940ರಲ್ಲಿ ಮೊದಲು ಸುಗ್ರೀವಾಜ್ಞೆ ತಂದು, ಆಮೇಲೆ 1942ರಲ್ಲಿ ಕಾಫಿ ಕಾಯ್ದೆ ಮಾಡಿತು. ಆ ವ್ಯವಸ್ಥೆಯಲ್ಲಿ ಬೆಳೆಗಾರ ಮನೆ ಬಳಕೆಗೆ, ಬಿತ್ತನೆಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದ ಕಾಫಿಯನ್ನೆಲ್ಲ ಕಾಫಿ ಮಂಡಳಿಯ ‘ಪೂಲ್’ಗೆ ಒಪ್ಪಿಸಬೇಕಿತ್ತು. ಪೂಲ್ ಎಂದರೆ ಸಾಮಾನ್ಯ ಕಣಜ. ಯಾರ ತೋಟದ್ದೇ ಆಗಲಿ, ದರ್ಜೆಗೆ ತಕ್ಕಂತೆ ಒಂದೇ ರಾಶಿಗೆ ಬೀಳುತ್ತಿತ್ತು. ಮಂಡಳಿ ಅದನ್ನು ಹರಾಜು ಹಾಕಿ ಬೆಳೆಗಾರರಿಗೆ ಕಂತುಕಂತಾಗಿ ಹಣ ಕೊಡುತ್ತಿತ್ತು. ಯುದ್ಧ ಮುಗಿಯಿತು, ದೇಶ ಸ್ವತಂತ್ರವಾಯಿತು, ರಾಜ್ಯಗಳು ಒಡೆದು ಕೂಡಿದವು. ಕಣಜ ಮಾತ್ರ ಹಾಗೇ ಉಳಿಯಿತು.

ಇದರಿಂದ ಬೆಳೆಗಾರರಿಗೆ ಒಂದು ಮಟ್ಟದ ಭದ್ರತೆ ಸಿಕ್ಕಿತೆಂಬುದೂ ನಿಜ, ಚೆನ್ನಾಗಿ ಬೆಳೆದವನಿಗೂ ಹೇಗೋ ಬೆಳೆದವನಿಗೂ ಹೆಚ್ಚು ವ್ಯತ್ಯಾಸವಿಲ್ಲದೆ ಹೋಯಿತೆಂಬುದೂ ನಿಜ. ಕುಡಿಯುವವರ ಕಡೆಯಿಂದ ನೋಡಿ. ಸುಮಾರು ಅರ್ಧ ಶತಮಾನ ಕಾಲ ನಮ್ಮ ನಾಡಿನ ಯಾವ ಮನೆಯವರೂ ಇದು ಇಂಥ ತೋಟದ ಕಾಫಿ ಎಂದು ಗೊತ್ತುಮಾಡಿಕೊಂಡು ಪೇಟೆಯಲ್ಲಿ ಕೊಳ್ಳುವ ಹಾಗಿರಲಿಲ್ಲ. ಆಗ ರುಚಿಯ ಕಸುಬೆಲ್ಲ ಪುಡಿ ಅಂಗಡಿಯವನ ಕೈಯಲ್ಲಿತ್ತು. ರಾಶಿಯಿಂದ ಬಂದ ಪೀಬರಿ ಇಷ್ಟು, ರೋಬಸ್ಟಾ ಇಷ್ಟು, ಚಿಕೋರಿ ಇಷ್ಟು ಎಂದು ಬೆರೆಸುವುದೇ ಅವನ ವಿದ್ಯೆ. ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ 1989ರಲ್ಲಿ ಕುಸಿಯಿತು. ನಮ್ಮ ದೊಡ್ಡ ಗಿರಾಕಿ ಸೋವಿಯತ್ ಒಕ್ಕೂಟ 1991ರಲ್ಲಿ ಇಲ್ಲವಾಯಿತು. ಆಮೇಲೆ ಕಣಜ ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಬೆಳೆಗಾರರಿಗೆ ಪೂರ್ತಿ ಮಾರುವ ಸ್ವಾತಂತ್ರ್ಯ ಸಿಕ್ಕಿತು. ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಕೆಫೆ ಕಾಫಿ ಡೇ ತೆರೆದದ್ದೂ ಅದೇ ವರ್ಷ. ನನ್ನ ಗೆಳತಿಯ ಪೊಟ್ಟಣದ ಮೇಲಿನ ತೋಟದ ಹೆಸರಿಗೆ ಹೆಚ್ಚೆಂದರೆ ನಮ್ಮಷ್ಟೇ ವಯಸ್ಸು. ಎಂಜಿನಿಯರ್ ಸಾಹೇಬರ ಮಿಶ್ರಣ ಅದಕ್ಕಿಂತ ಹಿರಿಯದು. ಯಾವುದು ಸಂಪ್ರದಾಯ, ಯಾವುದು ಹೊಸತು ಎಂಬುದನ್ನು ಕಾಯ್ದೆಯ ಇಸವಿಗಳನ್ನು ನೋಡಿ ಹೇಳಬೇಕಾಗಿದೆ.

ಹುರಿಯುವ ವಿಷಯಕ್ಕೆ ಇಷ್ಟು ಹೊತ್ತು ಬೇಕಿಲ್ಲ. ಹಸಿ ಕಾಳಿಗೆ ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖ ತಗುಲಿದಾಗ ಒಳಗಿನ ಆವಿ ಒತ್ತಿ ಮೊದಲ ಸಲ ಚಟಪಟ ಒಡೆಯುತ್ತದೆ. ಅಲ್ಲಿಗೆ ನಿಲ್ಲಿಸಿದರೆ ಹಣ್ಣಿನ ಹುಳಿ, ಹೂವಿನ ವಾಸನೆ ಉಳಿಯುತ್ತವೆ. ಇನ್ನೂ ಶಾಖ ಕೊಟ್ಟು ಎರಡನೇ ಸಲ ಒಡೆಸಿದರೆ ಕಾಳು ಕಪ್ಪಾಗಿ ಮೈಮೇಲೆ ಎಣ್ಣೆ ಬಿಡುತ್ತದೆ, ಹುಳಿ ಹೋಗಿ ಕಹಿ ಬರುತ್ತದೆ. ದಕ್ಷಿಣದ ಮನೆಗಳು ಕಪ್ಪು ಹುರಿತದ ಕಡೆ ವಾಲಿದ್ದು ಹಾಲಿನ ಕಾರಣಕ್ಕೆಂದು ನನ್ನ ತಿಳಿವಳಿಕೆ. ಹದ ಹುರಿತದ ಹುಳಿ ಹಾಲಿನ ಜೊತೆ ಜಗಳವಾಡುತ್ತದೆ, ಕಹಿ ಹೊಂದಿಕೊಳ್ಳುತ್ತದೆ. ಒಂದು ಸಂಜೆ ನಾವು ಪೊಟ್ಟಣಗಳ ಹೆಸರು ಮುಚ್ಚಿಟ್ಟು ಕುಡಿದೆವು. ಹಾಲಿಲ್ಲದೆ ಕುಡಿದಾಗ ಎಲ್ಲರೂ ಗೆಳತಿಯ ಕಾಫಿಯ ಕಡೆ ಕೈತೋರಿಸಿದರು, ಹಾಲು ಬೆರೆಸಿದಾಗ ಅವಳೇ ಚಿಕೋರಿಯ ಲೋಟ ಎತ್ತಿಕೊಂಡಳು. ಆ ಮೇಲೆ ಸ್ವಲ್ಪ ದಿನ ನಮ್ಮ ಕೂಟದಲ್ಲಿ ಶಾಂತಿ ಇತ್ತು.

ಚಿಕೋರಿಯನ್ನು ಕಲಬೆರಕೆ ಎಂದು ಬೈಯುವುದು ಹಳೆಯ ರೂಢಿ. ಅದು ಒಂದು ಗಿಡದ ಗಡ್ಡೆ. ಅದರಲ್ಲಿ ಕೆಫೀನ್ ಇಲ್ಲ. ನಮ್ಮ ದೇಶದಲ್ಲಿ ಅದನ್ನು ಬೆಳೆಯುವುದು ಮುಖ್ಯವಾಗಿ ಗುಜರಾತಿನ ಜಾಮ್‌ನಗರದ ಕಡೆ ಮತ್ತು ಉತ್ತರ ಪ್ರದೇಶದಲ್ಲಿ. 1806ರಲ್ಲಿ ನೆಪೋಲಿಯನ್ ಇಂಗ್ಲೆಂಡಿನ ವ್ಯಾಪಾರಕ್ಕೆ ಯುರೋಪಿನ ಬಂದರುಗಳನ್ನು ಮುಚ್ಚಿದಾಗ ಕಾಫಿ ಸಿಗದೆ ಫ್ರಾನ್ಸಿನವರು ಇದರ ಗಡ್ಡೆಯನ್ನು ಹುರಿದು ಕುಡಿದರು, ಬಂದರು ತೆರೆದ ಮೇಲೂ ಬಿಡಲಿಲ್ಲ. ನಮ್ಮ ಕಾನೂನಿನ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕಾಫಿ ನೂರಕ್ಕೆ 51ಕ್ಕಿಂತ ಕಡಿಮೆ ಇರಬಾರದು, ಪಾಲು ಎಷ್ಟೆಂದು ಪೊಟ್ಟಣದ ಮೇಲೆ ಬರೆಯಬೇಕು. 51 ಎಂಬ ಸಂಖ್ಯೆ ನೋಡಿದಾಗೆಲ್ಲ ನನಗೆ ವಿಧಾನಸಭೆಯ ಬಹುಮತ ನೆನಪಾಗುತ್ತದೆ. ಆದರೆ ಬೆರೆಸುವವರಿಗೆ ಬರೀ ಲಾಭದ ಲೆಕ್ಕವಿತ್ತೆನ್ನುವುದು ಅರ್ಧ ಸತ್ಯ. ಚಿಕೋರಿ ಕಾಫಿಗಿಂತ ಸುಲಭವಾಗಿ ನೀರಿನಲ್ಲಿ ಕರಗುತ್ತದೆ. ಕಡಿಮೆ ಪುಡಿಯಲ್ಲಿ ಡಿಕಾಕ್ಷನ್ ಗಟ್ಟಿಯಾಗುತ್ತದೆ, ಹಾಲು ಸುರಿದರೂ ಬಣ್ಣ ಬಿಡುವುದಿಲ್ಲ. ತಿಂಗಳ ಕೊನೆಯಲ್ಲಿ ಮನೆಗೆ ನೆಂಟರು ಬಂದಾಗ ಇದು ಏನೆಂದು ಅಡುಗೆಮನೆ ನಡೆಸಿದವರಿಗೆ ಗೊತ್ತು.

ಇಷ್ಟೆಲ್ಲ ನಡೆದದ್ದು ಮೈಸೂರಿನಲ್ಲಿ, ಮದ್ರಾಸಿನಲ್ಲಿ, ಕೊಡಗಿನಲ್ಲಿ. ರಾಯಚೂರು ಆಗ ಬೇರೆ ರಾಜ್ಯ. ತುಂಗಭದ್ರೆಯ ಆಚೆ ದಡ ಮದ್ರಾಸ್ ಪ್ರಾಂತ್ಯ, ಈಚೆ ದಡ ನಿಜಾಮರದು. ರೈಲಿನ ನಕ್ಷೆಯನ್ನಷ್ಟೇ ನೋಡಿದರೆ ಕಾಫಿ ನಮ್ಮೂರಿಗೆ ಬೇಗ ಬರಬೇಕಿತ್ತು. ಮುಂಬಯಿಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುದಾರಿಯೂ ಮದ್ರಾಸಿನಿಂದ ಬಂದ ಮದ್ರಾಸ್ ರೈಲ್ವೆಯೂ 1871ರಲ್ಲಿ ಕೂಡಿದ್ದು ರಾಯಚೂರಿನಲ್ಲೇ. ಎರಡು ಮಹಾನಗರಗಳ ನಡುವೆ ಹೋಗಿಬರುವ ಜನ ನಮ್ಮ ಪ್ಲಾಟ್‌ಫಾರ್ಮ್ ಮೇಲಿಂದ ಹಾದುಹೋಗುತ್ತಿದ್ದರು. ಆದರೆ ಹಾದುಹೋಗುವುದು ಬೇರೆ, ಊರೊಳಗೆ ಇಳಿಯುವುದು ಬೇರೆ. ಸಂಸ್ಥಾನಕ್ಕೆ ತನ್ನದೇ ನಾಣ್ಯವಿತ್ತು, ಹಾಲಿ ಸಿಕ್ಕಾ. ತನ್ನದೇ ಸುಂಕದ ಇಲಾಖೆಯಿತ್ತು, ಕರೋಡಗಿರಿ. ಹೊರಗಿನಿಂದ ಬಂದ ಸರಕು ಕರೋಡಗಿರಿ ನಾಕಾದಲ್ಲಿ ಸುಂಕ ಕೊಟ್ಟು ಒಳಬರಬೇಕು. ವಿಮೋಚನಾ ಚಳವಳಿಯ ನೆನಪುಗಳಲ್ಲಿ ಗಡಿಯ ಹೋರಾಟಗಾರರು ಈ ನಾಕಾಗಳ ಮೇಲೆ ದಾಳಿ ಮಾಡಿದ್ದನ್ನು ಓದುತ್ತೇವೆ. ಕಾಫಿಗೂ ಚಹಾಕ್ಕೂ ಸುಂಕ ಒಂದೇ ಬಾಗಿಲಲ್ಲಿ. ಹಾಗಾದರೆ ಚಹಾ ಗೆದ್ದದ್ದು ಹೇಗೆ?

ಒಂದು ಕಾರಣ ಹೈದರಾಬಾದ್ ಶಹರ. ನಮ್ಮ ಕಚೇರಿ, ಕೋರ್ಟು, ಕಾಲೇಜುಗಳ ದಾರಿ ಅಲ್ಲಿಗೆ ಹೋಗುತ್ತಿತ್ತು, ಅಲ್ಲಿಯ ಹೋಟೆಲುಗಳು ಚಹಾದವು. ಇನ್ನೊಂದು ಕಾರಣ ಪ್ರಚಾರ. ಚಹಾ ವ್ಯಾಪಾರಕ್ಕೆ 1903ರಲ್ಲೇ ಕಾನೂನುಬದ್ಧ ತೆರಿಗೆ ಹಾಕಿ, ಆ ದುಡ್ಡಿನಲ್ಲಿ ದೇಶದ ಜನಕ್ಕೆ ಚಹಾ ಕುಡಿಯಲು ಕಲಿಸುವ ಕೆಲಸ ಶುರುವಾಗಿತ್ತು. ಕಾಫಿಯವರು ಅಂಥದೇ ಸೆಸ್ ಸಮಿತಿ ಮಾಡಿಕೊಂಡದ್ದು 1935ರಲ್ಲಿ, ಮುಂಬಯಿಯಲ್ಲಿ ಮೊದಲ ಇಂಡಿಯಾ ಕಾಫಿ ಹೌಸ್ ತೆರೆದದ್ದು 1936ರಲ್ಲಿ. ಮೂವತ್ತು ವರ್ಷದ ಹಿನ್ನಡೆ ಸಣ್ಣದಲ್ಲ. ಕಾಫಿ ಮಂಡಳಿ ಆ ಹೌಸುಗಳನ್ನು 1950ರ ದಶಕದಲ್ಲಿ ಮುಚ್ಚಲು ಹೊರಟಾಗ ಎ.ಕೆ. ಗೋಪಾಲನ್ ಅವರ ಮುಂದಾಳುತನದಲ್ಲಿ ಕೆಲಸಗಾರರೇ ಸಹಕಾರ ಸಂಘ ಕಟ್ಟಿಕೊಂಡರು. ಅಂಥ ಮೊದಲ ಸಂಘ 1957ರಲ್ಲಿ ಬೆಂಗಳೂರಿನಲ್ಲಿ ಆಯಿತು. ಬೆಂಗಳೂರಿಗೂ ನಮಗೂ ಆಗ ಒಂದೇ ರಾಜ್ಯವಾಗಿ ಒಂದು ವರ್ಷವೂ ತುಂಬಿರಲಿಲ್ಲ.

ಮೂರನೇ ಕಾರಣವೇ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು. ಅದು ಪಾತ್ರೆ. ಚಹಾಕ್ಕೆ ಒಂದು ಬೋಗುಣಿ, ಒಂದು ಬಟ್ಟೆ ಸಾಕು. ನೀರು, ಹಾಲು, ಸಕ್ಕರೆ, ಪುಡಿ ಎಲ್ಲ ಒಟ್ಟಿಗೆ ಕುದಿಸಿ ಸೋಸಿದರೆ ಆಯಿತು. ಹೊಲದ ಬದುವಿನಲ್ಲೂ ಮೂರು ಕಲ್ಲು ಹೂಡಿ ಮಾಡಬಹುದು. ಫಿಲ್ಟರ್ ಕಾಫಿ ಹಾಗಲ್ಲ. ಹುರಿಯಲು ಬಾಣಲೆ ಅಥವಾ ಡಬ್ಬಿ, ಬೀಸಲು ಕೈಮಿಷನ್, ಇಳಿಸಲು ಎರಡು ಅಂತಸ್ತಿನ ಫಿಲ್ಟರ್, ಬೇರೆಯಾಗಿ ಕಾಯಿಸಿದ ಹಾಲು, ಇಷ್ಟಕ್ಕೂ ಮುಂಚೆ ಡಿಕಾಕ್ಷನ್ ತೊಟ್ಟಿಕ್ಕುವವರೆಗೆ ಕಾಯುವ ಬಿಡುವು. ಬೆಳಗಿನ ಜಾವ ಹೊಲಕ್ಕೆ ಹೊರಡುವ ಹೆಂಗಸಿಗೆ ಆ ಬಿಡುವು ಎಲ್ಲಿಂದ ಬರಬೇಕು? ಎರಡು ಅಂತಸ್ತಿನ ತೊಟ್ಟಿಕ್ಕುವ ಪಾತ್ರೆ 1800ರ ಆಸುಪಾಸಿನ ಪ್ಯಾರಿಸ್ಸಿನಲ್ಲೂ ಇತ್ತು. ಆಮೇಲೆ 1908ರಲ್ಲಿ ಜರ್ಮನಿಯ ಗೃಹಿಣಿ ಮೆಲಿಟ್ಟಾ ಬೆಂಟ್ಸ್ ಕಾಗದದ ಸೋಸುಗ ಮಾಡಿದಳು, 1933ರಲ್ಲಿ ಇಟಲಿಯ ಮೋಕಾ ಪಾಟ್ ಬಂತು, 2005ರಲ್ಲಿ ಏರೋಪ್ರೆಸ್. ನಮ್ಮ ಕೂಟದ ಮೇಜಿನ ಮೇಲೆ ಇವೆಲ್ಲ ಇವೆ. ಬೇರೆಬೇರೆ ಪಾತ್ರೆಗಳು ಬೇರೆಬೇರೆ ಬಿಡುವಿನ ಅಳತೆಗಳು ಎಂದು ನನಗೆ ಅನಿಸುತ್ತದೆ. ಏರೋಪ್ರೆಸ್ಸಿಗೆ ಎರಡು ನಿಮಿಷ, ಹಿತ್ತಾಳೆ ಫಿಲ್ಟರಿಗೆ ಇಪ್ಪತ್ತು.

ನಮ್ಮವರ ಇನ್ನೊಂದು ಚರ್ಚೆ ನೀರಿನದು. ಕಪ್ಪಿನಲ್ಲಿ ನೂರಕ್ಕೆ 98 ಪಾಲು ನೀರೇ, ಹಾಗಾಗಿ ಅದರಲ್ಲಿ ಕ್ಯಾಲ್ಸಿಯಂ ಎಷ್ಟಿರಬೇಕು, ಮೆಗ್ನೀಷಿಯಂ ಎಷ್ಟಿರಬೇಕು ಎಂದು ಪುಸ್ತಕ ನೋಡಿ ಲೆಕ್ಕ ಹಾಕುತ್ತಾರೆ. ಅದು ವಿಜ್ಞಾನದ ಮಾತು, ಸುಳ್ಳಲ್ಲ. ಗಡಸು ನೀರಿನಲ್ಲಿ ಕಾಫಿಯ ಹುಳಿ ಸಪ್ಪಗಾಗುತ್ತದೆ, ನಮ್ಮ ಬೋರ್‌ವೆಲ್ ನೀರಿನಲ್ಲಿ ಮಾಡಿದ ಅರೇಬಿಕಾ ನಾಲಿಗೆಗೆ ಮಂಕಾಗಿ ಹತ್ತುತ್ತದೆ. ಆದರೆ ಜಿಲ್ಲೆಯ ಎಷ್ಟೋ ಹಳ್ಳಿಗಳ ಅಂತರ್ಜಲದಲ್ಲಿ ಫ್ಲೋರೈಡ್ ಇದೆ. 2022ರ ಬೇಸಿಗೆಯ ಕೊನೆಯಲ್ಲಿ ಇದೇ ರಾಯಚೂರು ನಗರದಲ್ಲಿ ಕಲುಷಿತ ನಲ್ಲಿ ನೀರು ಕುಡಿದು ಜನ ಸತ್ತರು, ನೂರಾರು ಮಂದಿಗೆ ವಾಂತಿಭೇದಿಯಾಯಿತು. ಆ ವಾರಗಳಲ್ಲಿ ಊರಿನವರು ನೀರನ್ನು ಕುದಿಸಿ ಕುದಿಸಿ ಕುಡಿದೆವು. ಚಹಾ ಎಂದರೆ ಕುದಿಸಿದ ನೀರು ಎಂಬುದು ನನಗೆ ಆಗ ಹೊಸದಾಗಿ ಹೊಳೆಯಿತು. ಫಿಲ್ಟರ್ ಪ್ರಿಯರು ನೀರನ್ನು ಕುದಿಯುವ ಮುನ್ನ ಇಳಿಸಬೇಕೆನ್ನುತ್ತಾರೆ.

ರಾಯಚೂರಿಗೆ ರೈಲಾದರೂ ಇತ್ತು. ಜಿಲ್ಲೆಯ ಒಳಗಿನ ತಾಲ್ಲೂಕುಗಳಿಗೆ ಕಾಫಿ ಹೇಗೆ ಹೋಯಿತು ಎಂದು ಹುಡುಕಿಕೊಂಡು ನಾನು ಮಾನ್ವಿ, ದೇವದುರ್ಗ ಸುತ್ತಿದೆ. ಮಾನ್ವಿಯ ಕಥೆಗೆ ಕಾಲುವೆ ಬೇಕು. ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಬಿಟ್ಟ ಮೇಲೆ, ಎಡದಂಡೆ ಕಾಲುವೆಯ ಕೆಳಗೆ ಜೋಳದ ಎರೆಹೊಲಗಳು ಬತ್ತದ ಗದ್ದೆಗಳಾದವು. ಬತ್ತ ಬಲ್ಲ ರೈತರು ಕರಾವಳಿ ಆಂಧ್ರದಿಂದ ಬಂದು ಜಮೀನು ಕೊಂಡು ‘ಕ್ಯಾಂಪು’ಗಳಲ್ಲಿ ನೆಲೆಸಿದರು. ನಾನು ಮಾತಾಡಿಸಿದ ಎರಡು ಮೂರು ಕ್ಯಾಂಪಿನ ಮನೆಗಳಲ್ಲಿ ಹಳೆಯ ಫಿಲ್ಟರ್‌ಗಳಿದ್ದವು. ಒಂದರ ತಳದಲ್ಲಿ ತೆಲುಗಿನಲ್ಲಿ ಹೆಸರು ಕೊರೆದಿತ್ತು. ಆ ಮನೆಯ ಅಮ್ಮನಿಗೆ ಊರು ಬಿಟ್ಟು ಬಂದಾಗ ತವರಿನಿಂದ ತಂದ ಸಾಮಾನುಗಳಲ್ಲಿ ಅದೊಂದು. ಪುಡಿ ಮುಗಿದಾಗ ಯಾರಾದರೂ ಊರಿಗೆ ಹೋಗಿಬರುವವರೆಗೆ ಕಾಯುತ್ತಿದ್ದರಂತೆ, ಅಥವಾ ರಾಯಚೂರಿನಿಂದ ತರಿಸುತ್ತಿದ್ದರಂತೆ. ಕೆಲಸಕ್ಕೆ ಬರುವ ಸುತ್ತಲ ಹಳ್ಳಿಯವರಿಗೆ ಏನು ಕೊಡುತ್ತಿದ್ದಿರಿ ಎಂದು ಕೇಳಿದೆ. ‘ಅವರಿಗೆ ಚಾ’ ಎಂದರು. ಹೇಳಿದ್ದರಲ್ಲಿ ಯಾವ ಮುಜುಗರವೂ ಇರಲಿಲ್ಲ. ಅವರು ಕಾಫಿ ಕುಡಿಯೋದಿಲ್ಲ, ಅದಕ್ಕೆ ಚಾ, ಎಂದು ಸೇರಿಸಿದರು. ಯಾರು ಯಾರ ಅಭ್ಯಾಸವನ್ನು ಗೊತ್ತುಮಾಡಿದರೆಂದು ನಾನು ಹಾದಿಯುದ್ದಕ್ಕೂ ಯೋಚಿಸಿದೆ.

ತಮಿಳುನಾಡಿನಲ್ಲಿ ಕಾಫಿ ಹೇಗೆ ಮೇಲ್ಜಾತಿಯ ಮಧ್ಯಮವರ್ಗದ ಗುರುತಾಯಿತು, ಚಹಾ ಹೇಗೆ ದುಡಿಯುವವರ ಪಾನೀಯವಾಯಿತು ಎಂಬುದನ್ನು ಎ.ಆರ್. ವೆಂಕಟಾಚಲಪತಿ ವಿವರವಾಗಿ ಬರೆದಿದ್ದಾರೆ. 2006ರಲ್ಲಿ ಬಂದ ಅವರ ಪುಸ್ತಕದ ಹೆಸರೇ ಕಾಫಿ ಇಲ್ಲದಿದ್ದ ಕಾಲದ ಬಗ್ಗೆ. ಆ ನಕ್ಷೆಯನ್ನು ನಮ್ಮ ಜಿಲ್ಲೆಗೆ ಹಾಗೇ ಹೊಂದಿಸಲಾಗದು. ಇಲ್ಲಿ ಜಮೀನ್ದಾರನೂ ಚಹಾ ಕುಡಿದ, ಜೀತದವನೂ ಚಹಾ ಕುಡಿದ. ಹಾಗಿದ್ದರೆ ಚಹಾ ಎಲ್ಲರನ್ನೂ ಒಂದು ಮಾಡಿತೆ?

ದೇವದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಎಪ್ಪತ್ತು ದಾಟಿದ ದಲಿತ ಹಿರಿಯರೊಬ್ಬರನ್ನು ಮಾತಾಡಿಸಿದೆ. ನನ್ನ ಪ್ರಶ್ನಾವಳಿಯಲ್ಲಿ, ಹೋಟೆಲಿನಲ್ಲಿ ಮೊದಲ ಸಲ ಕಾಫಿ ಕುಡಿದದ್ದು ಯಾವಾಗ, ಚಹಾಕ್ಕೂ ಅದಕ್ಕೂ ರುಚಿಯಲ್ಲಿ ಏನು ವ್ಯತ್ಯಾಸ ಕಂಡಿತು ಎಂದು ಇತ್ತು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ರುಚಿ ಏನ್ ಕೇಳ್ತೀ ಯವ್ವಾ, ಕುಡದ ಮ್ಯಾಲ ಕಪ್ಪು ನಾವ ತೊಳದು ಇಡಬೇಕಿತ್ತು’ ಎಂದರು. ಎಲ್ಲಿ ಇಡಬೇಕಿತ್ತು ಎಂದೆ. ‘ಹೊರಗ, ಬೇವಿನ ಗಿಡದ ಬುಡಕ್ಕ. ನಮ್ಮವು ಕಿವಿ ಮುರದ ಕಪ್ಪು. ಮಳಿ ಬಂದ್ರ ಅದರಾಗ ಮಣ್ಣು ಕುಂದ್ರತಿತ್ತು, ಮುಂಜಾನಿ ಅದನ್ನ ತೊಳಕೊಂಡು ಕುಡೀಬೇಕು.’ ಚಾದಂಗಡಿಗಳಲ್ಲಿ ದಲಿತರಿಗೆ ಬೇರೆ ಲೋಟ ಇಡುತ್ತಿದ್ದದ್ದು ನಮ್ಮ ಜಿಲ್ಲೆಯೊಂದರ ಕಥೆಯಲ್ಲ, ಅದನ್ನು ಎಷ್ಟೋ ಜನ ಬರೆದಿದ್ದಾರೆ. ಆದರೂ ಪ್ರಶ್ನಾವಳಿಯ ಆ ಖಾನೆಯಲ್ಲಿ ಏನು ತುಂಬಬೇಕೆಂದು ತಿಳಿಯದೆ ಅವರ ಮಾತನ್ನು ಹಾಗೇ ಬರೆದುಕೊಂಡೆ. ರುಚಿ ಎಂಬ ತಲೆಬರಹದ ಕೆಳಗೆ ಅದು ಈಗಲೂ ಇದೆ, ತೆಗೆದಿಲ್ಲ.

ಹೊರಡುವಾಗ ಅವರ ಸೊಸೆ ಕಾಫಿ ತಂದಳು. ಎರಡು ರೂಪಾಯಿಯ ದಿಢೀರ್ ಕಾಫಿ ಪೊಟ್ಟಣ ಹರಿದು ಹಾಕಿದ್ದು. ಇಂಥ ಪುಡಿ ಜಗತ್ತಿನ ದೊಡ್ಡ ವ್ಯಾಪಾರವಾದದ್ದು 1938ರಲ್ಲಿ ಸ್ವಿಟ್ಜರ್‌ಲೆಂಡಿನ ನೆಸ್ಲೆ ಕಂಪನಿ ನೆಸ್‌ಕೆಫೆಯನ್ನು ಮಾರುಕಟ್ಟೆಗೆ ತಂದ ಮೇಲೆ. ಇವತ್ತು ಆ ಕಂಪನಿಯ ಕಾರ್ಖಾನೆ ನಮ್ಮ ನಂಜನಗೂಡಿನಲ್ಲೂ ಇದೆ. ಬೆಳೆ ಮಲೆನಾಡಿನದು, ವಿದ್ಯೆ ಹೊರಗಿನದು, ಕೊನೆಗೆ ಈ ಒಳನಾಡಿನ ಹಳ್ಳಿಗೆ ಕಾಫಿಯನ್ನು ಮುಟ್ಟಿಸಿದ್ದು ಕಾಫಿ ಹೌಸೂ ಅಲ್ಲ, ಫಿಲ್ಟರೂ ಅಲ್ಲ, ಸರದಂತೆ ತೂಗುಹಾಕಿದ ಈ ಪೊಟ್ಟಣ. ಇದಕ್ಕೆ ಬೋಗುಣಿ ಸಾಕು, ಬಿಡುವು ಬೇಡ. ನಮ್ಮ ಕೂಟದಲ್ಲಿ ಇದನ್ನು ಕಾಫಿ ಎಂದು ಕರೆಯುವ ಧೈರ್ಯ ಇನ್ನೂ ಯಾರೂ ಮಾಡಿಲ್ಲ.

ದೇವದುರ್ಗದ ಬಸ್ ಸ್ಟ್ಯಾಂಡಿಗೆ ಬಂದಾಗ ರಾಯಚೂರಿನ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಎದುರಿನ ಅಂಗಡಿಯಲ್ಲಿ ಮಂಡಾಳ ಒಗ್ಗರಣೆ, ಮಿರ್ಚಿ, ಚಾ. ಕಾಫಿ ಇದೆಯೇ ಎಂದು ಕೇಳಿದೆ. ‘ಅದ ರೀ, ಕುಂದ್ರಿ’ ಎಂದ ಹುಡುಗ ಚಹಾಕ್ಕೆಂದು ಕುದಿಯುತ್ತಿದ್ದ ಹಾಲನ್ನೇ ಕಾಗದದ ಕಪ್ಪಿಗೆ ಸುರಿದು, ಹಲ್ಲಿನಿಂದ ಪೊಟ್ಟಣ ಹರಿದು ಉದುರಿಸಿ, ಎರಡು ಕಪ್ಪುಗಳ ನಡುವೆ ನಾಲ್ಕು ಸಲ ಎತ್ತಿ ಹೊಯ್ದು ಕೊಟ್ಟ. ಹಾಲಿನಲ್ಲಿ ಏಲಕ್ಕಿ ಇತ್ತು, ಸ್ವಲ್ಪ ಶುಂಠಿಯೂ. ಪಕ್ಕದ ಬೆಂಚಿನಲ್ಲಿ ಮೂವರು ಹತ್ತಿ ಬಿಡಿಸಲು ಹೊರಟ ಹೆಂಗಸರು ಅದೇ ಬಗೆಯ ಕಪ್ಪುಗಳಲ್ಲಿ ಚಹಾ ಕುಡಿಯುತ್ತಿದ್ದರು. ಒಬ್ಬಾಕೆ ನನ್ನ ಕಪ್ಪಿನ ಕಡೆ ನೋಡಿ, ‘ಅದು ಹೆಂಗ ಇರತದ್ರಿ’ ಎಂದಳು. ಇನ್ನೊಂದು ಕಪ್ಪು ಹೇಳಿದೆ. ಒಂದು ಗುಟುಕು ಕುಡಿದು, ಬಾಯಿ ಚಪ್ಪರಿಸಿ, ‘ಸಕ್ರಿ ಕಮ್ಮಿ ಆಗೇದ’ ಎಂದು ಹುಡುಗನಿಗೆ ಕಪ್ಪು ಹಿಂದಕ್ಕೆ ಚಾಚಿದಳು. ಅವನು ಮರುಮಾತಾಡದೆ ಒಂದು ಚಮಚ ಹಾಕಿ ಕೊಟ್ಟ.